ಬೆನ್ನ ಹಿಂದಿನ ಗುಡ್ಡ

"ಹಲ್ಲು ಕಿಸಿದಿದ್ದು ಸಾಕು, ಆಚೆ ಸರಿ," ಎಂದು ಸಿಲ್ವೇರಿಯೊ ತಮ್ಮನನ್ನು ಮೊಣಕೈಯಿಂದ ನೂಕಿದ.

ನಿಕಾನೋರ್ ನಗುತ್ತಲೇ ಸರಿದ. ತಾತಿಕಾಳ ದಿನಸಿ ಅಂಗಡಿಯ ಗೋಡೆಗೆ ಆ ಬೆಳಿಗ್ಗೆಯಷ್ಟೇ ಅಂಟಿಸಿದ್ದ ಪೋಸ್ಟರಿನಲ್ಲಿ ಅವನೇ ಇದ್ದ, ಆಳೆತ್ತರಕ್ಕೆ. ದೋಣಿಯ ಮುಂತುದಿಯಲ್ಲಿ ಕೈಕಟ್ಟಿ, ಮುಖದ ಸುಕ್ಕುಗಳನ್ನೆಲ್ಲ ಬಿಸಿಲಿಗೆ ಒಡ್ಡಿ ನಿಂತಿದ್ದ. ಕೆಳಗೆ ದಪ್ಪ ಅಕ್ಷರ: "ಮದುವೆಮನೆಗೆ ಗಾಳ ತರಬೇಡಿ. ಮೇರೊ ಉಳಿದರೆ ಕಡಲು, ಕಡಲು ಉಳಿದರೆ ನಾವು." ಅಂಗಡಿಯ ಮುಂದೆ ಡಾಮಿನೊ ಆಡುತ್ತಿದ್ದವರಿಗೆ ಆ ದಿನ ಬೇರೆ ಮಾತಿರಲಿಲ್ಲ.

"ಚುನಾವಣೆಗೆ ನಿಂತಿದೀಯೇನೊ ನಿಕಾನೋರ್? ಹಾಗಾದ್ರೆ ರಮ್ ಎಲ್ಲಿ?"

"ಮೀನು ಉಳಿಸ್ತಾನಂತೆ ಇವನು! ಮೊದ್ಲು ತಲೇಲಿರೋ ನಾಲ್ಕು ಕೂದ್ಲು ಉಳಿಸ್ಕೊ ಮಾರಾಯ."

ಒಳಗಿನಿಂದ ತಾತಿಕಾ, "ಅದೆಲ್ಲ ಸರಿ, ನನ್ನ ಗೋಡೆಗೆ ಬಾಡಿಗೆ ಯಾರ್ ಕೊಡ್ತಾರೆ?" ಎಂದು ಕೂಗಿದಳು. ಬಾಳೆಕಾಯಿ ಕರಿಯುತ್ತಿದ್ದ ಬಾಣಲೆ ಅವಳಿಗಿಂತ ಜೋರಾಗಿ ಚುರುಗುಟ್ಟುತ್ತಿತ್ತು.

ಸಿಲ್ವೇರಿಯೊ ನಗಲಿಲ್ಲ. ಅವನು ತಮ್ಮನ ಮೋರೆಯನ್ನು ನೋಡುತ್ತಲೇ ಇರಲಿಲ್ಲ. ಪೋಸ್ಟರಿನ ಮೂಲೆಗೆ ಹೋಗಿ, ತಮ್ಮನ ಭುಜದ ಮೇಲೆ ಚಿಕ್ಕದಾಗಿ ಕಾಣುತ್ತಿದ್ದ ಬಿಳಿ ಚುಕ್ಕೆಯ ಮೇಲೆ ಬೆರಳಿಟ್ಟ.

"ಇದೇನು?" ಎಂದ, ಉಳಿದವರಿಗೆ ಕೇಳದ ಹಾಗೆ.

"ನಮ್ಮ ಇಗರ್ಜಿ ಗೋಪುರ."

"ಅದರ ಮೇಲೆ?"

ಗೋಪುರದ ಮೇಲೆ ಕತ್ತೆಬೆನ್ನು ಗುಡ್ಡ ಇತ್ತು. ಗುಡ್ಡದ ತಗ್ಗಿನಲ್ಲಿ ಗೋಪುರ ಅಳತೆ ಮಾಡಿ ಇಟ್ಟಂತೆ ಕೂತಿತ್ತು. ನಿಕಾನೋರನ ನಗು ಅಲ್ಲಿಗೇ ನಿಂತಿತು.

"ಒಂದು ಗೆರೆ ತಾನೆ ಅಣ್ಣಾ," ಎಂದ. "ಒಂದೇ ಗೆರೇಲಿ ಯಾರಿಗೂ ಏನೂ ಸಿಕ್ಕಲ್ಲ."

ಸಿಲ್ವೇರಿಯೊ ಅಂಗಡಿಯೊಳಗೆ ಕೈ ತೋರಿಸಿದ. ತಕ್ಕಡಿಯ ಮೇಲ್ಗಡೆ, ಪೋಸ್ಟರಿನ ಜೊತೆಗೇ ಬಿಟ್ಟಿ ಬಂದ ಕ್ಯಾಲೆಂಡರು ತೂಗುತ್ತಿತ್ತು. ಅದರಲ್ಲೂ ನಿಕಾನೋರನೇ ಇದ್ದ. ಈ ಸಲ ಪಕ್ಕದಿಂದ ತೆಗೆದದ್ದು. ಅವನು ಹಗ್ಗ ಸುತ್ತುತ್ತಿದ್ದ. ಮೂಗಿನ ನೇರಕ್ಕೆ ಕೊಕ್ಕರೆ ದ್ವೀಪದ ಮೂತಿ, ಅದರಾಚೆ ಕರಿಬಂಡೆ. ಎರಡರ ನಡುವೆ ಒಂದು ಕೂದಲಿನಷ್ಟು ಬೆಳಕು.

ನಮ್ಮ ಕಡಲಲ್ಲಿ ಮೇರೊ ವರ್ಷವೆಲ್ಲ ಒಂಟಿ ಮೀನು. ಬಂಡೆಗೊಂದು, ಬಿಲಕ್ಕೊಂದು, ಯಾರ ಸಹವಾಸವೂ ಬೇಡ ಎಂದು ಬದುಕುತ್ತದೆ. ಕ್ರಿಸ್‌ಮಸ್ ಕಳೆದ ಮೇಲಿನ ಹುಣ್ಣಿಮೆಗೆ ಮಾತ್ರ ಎಲ್ಲಿಂದಲೋ ಎಲ್ಲವೂ ಹೊರಟು, ಮೇಲೆ ಕಪ್ಪು ಕೆಳಗೆ ಬಿಳುಪು ಬಣ್ಣ ತೊಟ್ಟು, ಒಂದೇ ಜಾಗದಲ್ಲಿ ನೆರೆದು ಮೊಟ್ಟೆ ಬಿಡುತ್ತವೆ. ಅದಕ್ಕೇ ನಮ್ಮವರು ಮದುವೆ ಎನ್ನುವುದು. ಮದುವೆ ನಡೆಯುವ ಜಾಗ ಗೊತ್ತಿದ್ದವನಿಗೆ ಬಲೆಯೂ ಬೇಡ, ಜಾಣತನವೂ ಬೇಡ. ಗಾಳ ಬಿಟ್ಟರೆ ಸಾಕು, ಮದುಮಕ್ಕಳಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಈ ಕರಾವಳಿಯಲ್ಲಿ ಅಂಥ ಜಾಗಗಳು ಒಂದೊಂದಾಗಿ ಬರಿದಾಗಿದ್ದವು. ಉಳಿದದ್ದು ಈ ಅಣ್ಣತಮ್ಮಂದಿರ ಅಪ್ಪನದೊಂದೇ.

ಅಪ್ಪ ಸಾಯುವ ಮುಂಚೆ ಇಬ್ಬರು ಮಕ್ಕಳನ್ನೂ ದೋಣಿಯಲ್ಲಿ ಕರೆದುಕೊಂಡು ಹೋಗಿ, ಬಾಯಿಬಿಟ್ಟು ಹೇಳದೆ, ಬರೀ ಗದ್ದ ಎತ್ತಿ ಎರಡು ಗೆರೆ ತೋರಿಸಿದ್ದ. ಗೋಪುರ ಗುಡ್ಡದ ತಗ್ಗಿಗೆ ಕೂರುವುದು ಒಂದು, ದ್ವೀಪದ ಮೂತಿ ಬಂಡೆಗೆ ಮುಟ್ಟಿಯೂ ಮುಟ್ಟದಂತಿರುವುದು ಇನ್ನೊಂದು. ಎರಡೂ ಒಟ್ಟಿಗೆ ಒದಗಿದ ಕಡೆ ಕೆಳಗೆ ಮೇರೊ. ಆ ಎರಡು ಗೆರೆಗಳನ್ನು ಅಣ್ಣತಮ್ಮಂದಿರು ಹೆಂಡತಿಯರಿಗೂ ಹೇಳಿರಲಿಲ್ಲ. ದೂರದಲ್ಲಿ ಬೇರೆ ದೋಣಿ ಕಂಡರೆ ಸಾಕು, ಅಲ್ಲಿಂದ ಜಾರಿ ಎಲ್ಲೋ ನಿಂತು, ಬೆಕ್ಕೂ ಮೂಸದ ಮೀನು ಹಿಡಿಯುತ್ತ ಸಂಜೆ ಮಾಡುತ್ತಿದ್ದರು. ಊರಿನವರು ಅವರನ್ನು ದಡ್ಡರೆನ್ನುತ್ತಿದ್ದರು. ಅನ್ನಲಿ ಎಂದು ಸುಮ್ಮನಿದ್ದರು.

ಹೀಗಿರುವಾಗ ಇವೆಲಿಸ್ ಬಂದಳು. ಸಾಂತೊ ದೊಮಿಂಗೊದಲ್ಲಿ ಓದಿದ ಹುಡುಗಿ, ಮೇರೊ ಉಳಿಸುವ ಆಂದೋಲನದವಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೆ? ಮೀನುಗಾರರ ದೋಣಿಯಲ್ಲೇ ಕೂತು, ಅವರು ಕಿಡಿ ಕಾರಿದಾಗ ನಕ್ಕು, ಅಲೆಗೆ ತಾನು ವಾಂತಿ ಕಾರಿಕೊಂಡಾಗ ಅವರನ್ನೂ ನಗಿಸಿ, ಆರು ತಿಂಗಳಲ್ಲಿ ಮನೆಮಗಳಾದಳು. ಒಂದು ಮದುವೆಯನ್ನಾದರೂ ನೀರೊಳಗೆ ಚಿತ್ರ ತೆಗೆದು ತೋರಿಸಿದರೆ ಸರಕಾರ ಆ ಜಾಗವನ್ನು ಕಾಯುತ್ತದೆ ಎಂದಳು. ನಿಕಾನೋರ್ ಒಪ್ಪಿದ. ಮೇರೊ ಮುಗಿದೀತೆಂಬ ಭಯ ಅವನಿಗೆ ಮೊದಲೇ ಹೊಕ್ಕಿತ್ತು. ಹಿಂದಿನೆರಡು ವರ್ಷದ ಹುಣ್ಣಿಮೆಗೆ ಮೀನು ಕಮ್ಮಿಯಾಗಿದ್ದವು. ತಮ್ಮ ಕೈಯಿಂದಲೇ ಆದದ್ದು ಎಂದು ಅವನಿಗೆ ಗೊತ್ತಿತ್ತು. ಆ ವರ್ಷ ಅಣ್ಣನನ್ನು ಕಾಡಿ ಬೇಡಿ, ಗಾಳ ಹಾಕದಂತೆ ತಡೆದ.

"ತೋರಿಸು ಬೇಕಾದ್ರೆ," ಎಂದಿದ್ದ ಸಿಲ್ವೇರಿಯೊ. "ಎಲ್ಲಿ ಅಂತ ಮಾತ್ರ ಹೇಳಬೇಡ. ಹೇಳಿದ್ರೆ ನಾನು ನಿನ್ನ ಅಣ್ಣ ಅಲ್ಲ."

ನಿಕಾನೋರ್ ಹೇಳಲಿಲ್ಲ. ಇವೆಲಿಸಳ ಫೋನನ್ನು ದಡದಲ್ಲೇ ಇರಿಸಿದ. ಅವಳಿಗೂ ಕ್ಯಾಮರಾದವನಿಗೂ ತಲೆಯ ಮೇಲೆ ಟಾರ್ಪಾಲು ಹೊದಿಸಿ, ಬೇಕೆಂದೇ ಸುತ್ತಿ ಸುತ್ತಿ ದೋಣಿ ನಡೆಸಿದ. ಕೆಳಗಿಳಿದವರು ಮೇಲೆ ಬಂದಾಗ ಇವೆಲಿಸ್ ಅಳುತ್ತಿದ್ದಳು. ಅಷ್ಟು ಮೀನು, ಅಷ್ಟು ಮೀನು ಎಂದು ಅವನ ಒದ್ದೆ ಕೈ ಹಿಡಿದಳು. ಒಂದೆರಡು ಫೋಟೊ ತೆಗೆಯಲೆ ದೋನ್ ನಿಕಾನೋರ್ ಎಂದಳು. ಅವನ ಎದೆ ಉಬ್ಬಿತು. ನಾಲಿಗೆಗೆ ಬೀಗ ಹಾಕಿಕೊಂಡಿದ್ದ ಮನುಷ್ಯ, ಬೆನ್ನ ಹಿಂದಿನ ಗುಡ್ಡವನ್ನು ಮರೆತು ನಗುತ್ತ ನಿಂತ. ಹೆಮ್ಮೆ ಬಂದವನಿಗೆ ಬೆನ್ನು ಕಾಣುವುದಿಲ್ಲ.

ಅಂಗಡಿಯ ಮುಂದೆ ಡಾಮಿನೊ ಸದ್ದು ನಿಂತಿತ್ತು. ಆಡುತ್ತಿದ್ದವರಲ್ಲಿ ಒಬ್ಬ ಕುರ್ಚಿ ತಿರುಗಿಸಿ ಪೋಸ್ಟರನ್ನು ಹೊಸದಾಗಿ ನೋಡತೊಡಗಿದ್ದ. ಸಿಲ್ವೇರಿಯೊ ಅದನ್ನು ಒಂದೇ ಎಳೆತಕ್ಕೆ ಹರಿದ. ನಿಕಾನೋರನ ಅರ್ಧ ಮೋರೆ ಗೋಡೆಯಲ್ಲೇ ಉಳಿಯಿತು.

ದಡಕ್ಕೆ ಓಡಿ ನಿಕಾನೋರ್ ಫೋನ್ ಮಾಡಿದ.

"ನೋಡಿದ್ರಾ ದೋನ್ ನಿಕಾನೋರ್?" ಇವೆಲಿಸ್ ಖುಷಿಯಲ್ಲಿದ್ದಳು. "ಪ್ರತಿ ಬಂದರಿಗೂ ಕಳಿಸಿದೀವಿ. ಮೀನು ಹಿಡಿಯೋರಿಗೇ ಮುಟ್ಟಬೇಕಲ್ವಾ?"

"ಮುಟ್ಟುತ್ತೆ ತಾಯಿ, ಚೆನ್ನಾಗೇ ಮುಟ್ಟುತ್ತೆ. ತೆಗೆಸಮ್ಮ. ಇವತ್ತೇ ತೆಗೆಸು."

"ಯಾಕೆ? ಫೋಟೊ ಇಷ್ಟ ಆಗ್ಲಿಲ್ವಾ?"

"ನನ್ನ ಹಿಂದೆ ನೋಡು. ಗುಡ್ಡ ನೋಡು, ಗೋಪುರ ನೋಡು. ಆಮೇಲೆ ಕ್ಯಾಲೆಂಡರ್ ನೋಡು. ಮೀನು ಹಿಡಿಯೋನು ನನ್ನ ಮೋರೆ ನೋಡ್ತಾನಾ ಅದರಲ್ಲಿ? ಹೆಂಡತಿ ಫೋಟೊ ಕೊಟ್ರೂ ಮೊದ್ಲು ಹಿಂದಿನ ದಡ ನೋಡೋ ಜನ ನಾವು!"

ಅವಳು ಅಲ್ಲೇ ಪೋಸ್ಟರ್ ಬಿಡಿಸಿ ನೋಡಿದಳು. ಆಮೇಲೆ ಅತ್ತಳು. ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವಳು ಒಳ್ಳೆಯವಳು, ತನ್ನದೇ ಕಾರಿನಲ್ಲಿ ಬಂದರಿನಿಂದ ಬಂದರಿಗೆ ಹೋಗಿ ಉಗುರು ಕಿತ್ತುಬರುವ ಹಾಗೆ ಪೋಸ್ಟರುಗಳನ್ನು ಕೆರೆದಳು. ಆದರೆ ಕ್ಯಾಲೆಂಡರುಗಳು ಆಗಲೇ ಅಡುಗೆಮನೆಗಳನ್ನು ಸೇರಿದ್ದವು. ಚಂದ ಇದೆ, ಬಿಟ್ಟಿ ಬಂದದ್ದು, ಯಾರು ಕೊಡುತ್ತಾರೆ?

ಕ್ರಿಸ್‌ಮಸ್ ಕಳೆದು ಹುಣ್ಣಿಮೆ ಬಂತು. ಕಾವಲು ದೋಣಿಯವರನ್ನು ಕೇಳಿದರೆ, ಸರಕಾರದ ಕಾಗದ ಬರದೆ ತಾವು ಯಾರನ್ನೂ ತಡೆಯುವಂತಿಲ್ಲ ಎಂದರು. ಮಧ್ಯಾಹ್ನ ಅಣ್ಣತಮ್ಮಂದಿರು ತಾವೇ ಹೊರಟರು. ನಿಕಾನೋರ್ ಆಂದೋಲನದವರು ಕೊಟ್ಟ ನೀಲಿ ಅಂಗಿ ಹಾಕಿಕೊಂಡಿದ್ದ. ನಾಲ್ಕು ಜನಕ್ಕೆ ಬುದ್ಧಿ ಹೇಳಿದರೆ ಕೇಳಿಯಾರು ಎಂಬ ಆಸೆ ಅವನಿಗಿನ್ನೂ ಇತ್ತು.

ದ್ವೀಪ ದಾಟುತ್ತಲೇ ಕಂಡಿತು. ಅಪ್ಪನ ಜಾಗದಲ್ಲಿ ದೋಣಿಗಳು ಸಂತೆಯಲ್ಲಿ ಗಾಡಿ ಬಿಟ್ಟ ಹಾಗೆ ಒತ್ತೊತ್ತಿಗೆ ನಿಂತಿದ್ದವು. ಪಕ್ಕದ ಬಂದರು ಸಾಂತಾ ಲುಸಿನವು, ಅದರಾಚಿನ ಬಂದರಿನವು, ಹೆಸರೇ ಕೇಳದವು. ಒಂದರಲ್ಲಿ ರೇಡಿಯೊ ಹಾಡುತ್ತಿತ್ತು. ಐಸ್ ಪೆಟ್ಟಿಗೆಗಳ ಮುಚ್ಚಳ ತೆರೆದುಕೊಂಡಿದ್ದವು.

"ಓಹೋ, ಪೋಸ್ಟರ್ ಮಾವ ಬಂದ್ರು!" ಎಂದು ಹತ್ತಿರದ ದೋಣಿಯಿಂದ ಒಬ್ಬ ದಡಿಯ ಕೂಗಿದ. ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ, ನಿಜಕ್ಕೂ ಸಂತೋಷಪಟ್ಟಿದ್ದ. "ಜಾಗ ಬಿಡ್ರೊ, ಮದುವೆ ಯಜಮಾನ್ರು!"

ನಿಕಾನೋರ್ ಎದ್ದು ನಿಂತ. "ಬಿಡ್ರಪ್ಪಾ, ನಿಮ್ಮ ದಮ್ಮಯ್ಯ. ಮೊಟ್ಟೆ ಇಡೋ ಮೀನು ಅವು. ಈ ಸಲ ಬಿಟ್ರೆ ನಿಮ್ಮ ಮಕ್ಕಳಿಗೂ ಉಂಟು."

"ಮಕ್ಕಳಿಗೆ ಇವತ್ತು ರಾತ್ರಿ ಅನ್ನ ಬೇಡ್ವಾ ಮಾವಾ?"

"ಇಷ್ಟು ವರ್ಷ ನೀವಿಬ್ರೇ ತಿಂದ್ರಲ್ಲ, ಆಗ ಮೊಟ್ಟೆ ಇರ್ಲಿಲ್ವಾ ಅದಕ್ಕೆ?" ಎಂದು ಇನ್ನೊಂದು ದೋಣಿಯಿಂದ ಯಾರೋ ಕೇಳಿದರು.

ನಿಕಾನೋರ್ ಹಲಗೆಯ ಮೇಲೆ ಕೂತುಬಿಟ್ಟ. ಸುತ್ತ ಎಲ್ಲ ದೋಣಿಗಳಲ್ಲೂ ಕೈಗಳು ಒಂದೇ ಸಮ ನೂಲು ಎಳೆಯುತ್ತಿದ್ದವು. ಕೆಳಗಿನಿಂದ ಮೀನು ಎಳೆದ ಹಾಗೆಲ್ಲ ನೀರಿನ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಹರಡುತ್ತಿತ್ತು.

ಹಿಂದಿನಿಂದ ಮರ ತಿಕ್ಕಿದ ಸದ್ದಾಯಿತು. ಸಿಲ್ವೇರಿಯೊ ಹಲಗೆಯ ಅಡಿಯಿಂದ ನೂಲಿನ ಉಂಡೆ ಹೊರಗೆಳೆದಿದ್ದ. ಗಾಳಕ್ಕೆ ಸಾರ್ಡಿನ್ ಚುಚ್ಚುತ್ತಿದ್ದ.

"ಅಣ್ಣಾ, ಏನ್ ಮಾಡ್ತಿದೀಯ?"

"ಕಾಣಲ್ವಾ?"

"ಬೇಡ ಅಣ್ಣಾ. ನಾವೂ ಹಿಡಿದ್ರೆ ಇನ್ನೇನುಳೀತು?"

"ನಾವು ಬಿಟ್ರೆ ಏನುಳಿಯುತ್ತೆ, ಹೇಳು." ಸಿಲ್ವೇರಿಯೊ ಗಾಳವನ್ನು ನೀರಿಗೆ ಬಿಟ್ಟ. "ಅಪ್ಪನ ಜಾಗ ಇದು. ಖಾಲಿ ಆಗೋದಾದ್ರೆ ನನ್ನ ಕೈಯಿಂದ್ಲೂ ಆಗ್ಲಿ. ಸಾಂತಾ ಲುಸ್‌ನೋರು ತಿಂದು ತೇಗೋದನ್ನ ಕೈಕಟ್ಟಿ ನೋಡೋಕೆ ನಾನೇನು ಪೋಸ್ಟರಾ?"

ನೂಲು ಬಿಗಿಯಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೇರೊ ಮೇಲೆ ಬಂತು. ಆಳದಿಂದ ಎಳೆದದ್ದಕ್ಕೆ ಗಾಳಿಚೀಲ ಬಾಯಿಗೆ ಉಕ್ಕಿತ್ತು, ಕಣ್ಣು ಹೊರಬಿದ್ದಿತ್ತು. ಹೊಟ್ಟೆ ಎಷ್ಟು ತುಂಬಿತ್ತೆಂದರೆ ಹಲಗೆಗೆ ಬಿದ್ದೊಡನೆ ಮೊಟ್ಟೆ ತಾನಾಗಿ ಸೋರತೊಡಗಿತು. ಅಪ್ಪನ ಕಾಲದಿಂದಲೂ ಅವರಲ್ಲಿ ಕೆಲಸ ಹಂಚಿಕೆಯಾಗಿತ್ತು. ಎಳೆಯುವವನು ಅಣ್ಣ, ಬಡಿದು ಗಾಳ ಬಿಡಿಸುವವನು ತಮ್ಮ. ಸಿಲ್ವೇರಿಯೊ ತಮ್ಮನ ಮುಖವನ್ನೇ ನೋಡಿದ. ಮೀನು ಬಾಲ ಬಡಿಯಿತು. ಅದರ ಸಂಕಟ ನೋಡಲಾಗದೆ ನಿಕಾನೋರ್ ಕೊರಡು ಎತ್ತಿಕೊಂಡು ನೆತ್ತಿಗೊಂದು ಬಿಟ್ಟ. ಮೊಣಕಾಲೂರಿ ಗಾಳ ಬಿಡಿಸಿ ಅಣ್ಣನಿಗೆ ಕೊಟ್ಟ. ಎರಡನೆಯದು ಬಂತು. ಆಮೇಲೆ ಅವನು ಎಣಿಸಲಿಲ್ಲ. ನೀಲಿ ಅಂಗಿಯ ಮುಂಭಾಗವೆಲ್ಲ ಮೊಟ್ಟೆ ಮೆತ್ತಿ ಬಿಸಿಲಿಗೆ ಬಿರುಸಾಯಿತು. ದಡಿಯ ತನ್ನ ದೋಣಿಯಿಂದ, "ಭಲೆ ಮಾವಾ!" ಎಂದ.

ಹುಣ್ಣಿಮೆ ಕಳೆಯುವ ಹೊತ್ತಿಗೆ ಗಾಳಕ್ಕೆ ಏನೂ ಬೀಳುತ್ತಿರಲಿಲ್ಲ. ದೋಣಿಗಳು ಬಂದ ಹಾಗೆಯೇ ಹೋದವು. ಸಿಲ್ವೇರಿಯೊ ತನ್ನ ಪಾಲು ಮಾರಿ, ಹಳೆಯ ಮೋಟರ್‌ಸೈಕಲ್ ಕೊಂಡು, ಪೇಟೆಗೆ ಜನರನ್ನು ಹೊತ್ತು ತಿರುಗುವ ಕೆಲಸ ಹಿಡಿದ. ತಮ್ಮನನ್ನು ದಾರಿಯಲ್ಲಿ ಕಂಡರೆ ಹಾರ್ನ್ ಮಾಡುತ್ತಾನೆ, ನಿಲ್ಲಿಸುವುದಿಲ್ಲ.

ಸರಕಾರದ ಕಾಗದ ಆ ಮಳೆಗಾಲ ಕಳೆದ ಮೇಲೆ ಬಂತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! ಇವೆಲಿಸಳ ನೀರೊಳಗಿನ ಚಿತ್ರವನ್ನು ರಾಜಧಾನಿಯಲ್ಲಿ ದೊಡ್ಡ ಪರದೆಯ ಮೇಲೆ ನೋಡಿ ದೊಡ್ಡವರೆಲ್ಲ ಚಪ್ಪಾಳೆ ತಟ್ಟಿದರಂತೆ. ಅಪ್ಪನ ಜಾಗಕ್ಕೆ ಹಳದಿ ತೇಲುಬುಂಡೆ ಬಿಟ್ಟರು, ಮೇಲೊಂದು ದೀಪ, ಮೈಲಿ ದೂರಕ್ಕೂ ಕಾಣುವ ಹಾಗೆ. ಕಾಯಲು ಒಬ್ಬ ಬೇಕಿತ್ತು. ಇವೆಲಿಸ್ ಹೋರಾಡಿ ಆ ಕೆಲಸವನ್ನು ನಿಕಾನೋರನಿಗೇ ಕೊಡಿಸಿದಳು. ಬೇಡ ಎನ್ನಬೇಕೆಂದು ಹೋದವನು ಅವಳ ಮುಖ ನೋಡಿ ಹೂಂ ಎಂದು ಬಂದ.

ಮತ್ತೆ ಕ್ರಿಸ್‌ಮಸ್ ಕಳೆಯಿತು, ಮತ್ತೆ ಹುಣ್ಣಿಮೆ ಬಂತು. ನಿಕಾನೋರ್ ಮಧ್ಯಾಹ್ನವೇ ಹೋಗಿ ದೋಣಿಯನ್ನು ಬುಂಡೆಗೆ ಕಟ್ಟಿದ. ತಳಕ್ಕೆ ಗಾಜು ಕೂರಿಸಿದ ಬಕೆಟ್ಟನ್ನು ನೀರಿಗೊತ್ತಿ ಕೆಳಗೆ ನೋಡಿದ. ಬಂಡೆ ಇತ್ತು, ಮರಳಿತ್ತು, ನೀರು ಬಹಳ ತಿಳಿಯಾಗಿತ್ತು. ಬಕೆಟ್ಟನ್ನು ಒಳಗಿಟ್ಟು ಸಮವಸ್ತ್ರದ ಟೋಪಿ ಸರಿಮಾಡಿಕೊಂಡು ಕೂತ.

ಬಿಸಿಲು ಇಳಿಯುವ ಹೊತ್ತಿಗೆ ಸಾಂತಾ ಲುಸ್ ಕಡೆಯಿಂದ ಒಂದು ದೋಣಿ ಬಂತು. ಒಬ್ಬನೇ ಇದ್ದ, ಮುಂಭಾಗದಲ್ಲಿ ಐಸ್ ಪೆಟ್ಟಿಗೆ ಇತ್ತು. ನಿಕಾನೋರ್ ಎದ್ದು ನಿಂತ. ದೋಣಿ ಬುಂಡೆಯನ್ನು ನೋಡಿತೋ ಎಂಬಂತೆ ವೇಗ ತಗ್ಗಿಸಿತು. ಇತ್ತ ತಿರುಗು, ಎಂದು ನಿಕಾನೋರ್ ಮನಸ್ಸಿನಲ್ಲೇ ಅಂದುಕೊಂಡ. ತಿರುಗೋ ಕಳ್ಳ, ಇಲ್ಲಿನ್ನೂ ಮೀನಿದೆ ಅಂತ ಒಂದು ಸಲ ಗಾಳ ಹಾಕಿ ನೋಡು. ದೋಣಿಯವನು ಕೈ ಎತ್ತಿ ನಮಸ್ಕಾರ ಮಾಡಿದ. ಆಮೇಲೆ ಎಂಜಿನ್ ಜೋರು ಮಾಡಿ, ಎಲ್ಲಿಗೋ ದೂರಕ್ಕೆ, ನೇರ ಹೋದ.