ಹಿಂದಕ್ಕೆ ಹೋಗದ ಕಾರು

ಯಜಮಾನರ ಕಾರು ಎಷ್ಟು ಉದ್ದವಿತ್ತೆಂದರೆ, ಮುಂದಿನ ಚಕ್ರ ಬೀದಿಯ ತಿರುವು ದಾಟಿದ ಮೇಲೂ ಹಿಂದಿನ ಚಕ್ರ ಮನೆಯಿಂದ ಹೊರಡೋಣವೋ ಬೇಡವೋ ಎಂದು ಯೋಚಿಸುತ್ತಿರುತ್ತಿತ್ತು. ಬಣ್ಣ ಕಪ್ಪು. ಅದರ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಬೀದಿಯ ಅರ್ಧ ಜನ ಗಡ್ಡ ಹೆರೆದುಕೊಳ್ಳುತ್ತಿದ್ದರು. ಒಳಗೆ ಕೂತು ಬಾಗಿಲು ಹಾಕಿಕೊಂಡರೆ ಹೊರಗೆ ಯುದ್ಧ ನಡೆದರೂ ಕೇಳಿಸುತ್ತಿರಲಿಲ್ಲ. ಇಂಥ ಕಾರಿನಲ್ಲಿ ಇಲ್ಲದ್ದು ಒಂದೇ ಒಂದು: ರಿವರ್ಸ್ ಗೇರು. ಅದು ಸತ್ತು ಎರಡು ವರ್ಷವಾಗಿತ್ತು. ಆ ಸಾವಿನ ಸುದ್ದಿ ಗೊತ್ತಿದ್ದದ್ದು ಭೂಮಿಯ ಮೇಲೆ ಒಬ್ಬನಿಗೆ ಮಾತ್ರ. ಅವನು ಡ್ರೈವರ್ ಮೀಸೆ.

ಯಜಮಾನರದು ಹಾಸಿಗೆ ಕಾರ್ಖಾನೆ. "ಇನ್ನೊಂದು ಸಲ ಇದು ಗ್ಯಾರೇಜಿಗೆ ಹೋದ್ರೆ ಗುಜರಿಗೆ ಹಾಕಿ ಅಳಿಯನ ಕಾರಲ್ಲೇ ಓಡಾಡ್ತೀನಿ" ಎಂದು ಅವರು ಹೇಳಿದ ಮಾರನೆಯ ದಿನವೇ ಗೇರು ಕೈಕೊಟ್ಟಿತ್ತು. ಅಳಿಯನ ಕಾರಿಗೆ ಅಳಿಯನೇ ಡ್ರೈವರ್. ಮೀಸೆ ಬಾಯಿಗೆ ಬೀಗ ಹಾಕಿಕೊಂಡ.

ಆಮೇಲೆ ಅವನು ಮಾಡಿದ ಸಾಹಸವನ್ನು ಯಾವ ಸೇನಾಪತಿಯೂ ಮಾಡಿರಲಾರ. ಎರಡು ವರ್ಷ, ಒಂದು ಗೇಣೂ ಹಿಂದಕ್ಕೆ ಹೋಗದೆ ಇಡೀ ಊರನ್ನು ಮುಂದಕ್ಕೇ ಓಡಿಸಿದ. ಮನೆಗೆ ಎರಡು ಗೇಟು ಇದ್ದದ್ದು ಪುಣ್ಯ. ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಡುತ್ತಿದ್ದ. ಊರಿನಲ್ಲಿ ಯಾವ ರಸ್ತೆ ಎಲ್ಲಿ ಮುಗಿಯುತ್ತದೆ, ಯಾವ ಅಂಗಡಿಯ ಮುಂದೆ ಸುತ್ತು ಹಾಕಲು ಜಾಗವಿದೆ ಎಂಬುದನ್ನು ನಿದ್ದೆಯಲ್ಲಿ ಕೇಳಿದರೂ ಒಪ್ಪಿಸುತ್ತಿದ್ದ. ಬ್ಯಾಂಕಿನ ಬಾಗಿಲಲ್ಲೇ ಜಾಗ ಖಾಲಿ ಇದ್ದರೂ ಎರಡು ಫರ್ಲಾಂಗು ಆಚೆ ನಿಲ್ಲಿಸುತ್ತಿದ್ದ.

"ಯಾಕೋ ಇಷ್ಟು ದೂರ ನಡೆಸ್ತೀಯ?" ಎಂದು ಯಜಮಾನರು ಒಮ್ಮೆ ಕೇಳಿದರು.

"ನಿಮ್ಮಂಥೋರ ಕಾರು ಹಿಂದ್ ಹಿಂದಕ್ಕೆ ಹೋದ್ರೆ ನೋಡಿದೋರು ಏನಂದ್ಕೋತಾರೆ ಯಜಮಾನ್ರೆ? ಮುಂದಕ್ಕೇ ಹೋಗ್ಬೇಕು."

ಆ ಹೊತ್ತಿಗೆ ಬಾಯಿಗೆ ಬಂದದ್ದನ್ನು ಹೇಳಿ ಪಾರಾಗಿದ್ದ, ಅಷ್ಟೆ. ಯಜಮಾನರಿಗೆ ಆ ಮಾತು ತಲೆಗೇರಿತು. ಕ್ಲಬ್ಬಿನಲ್ಲಿ ಇಸ್ಪೀಟು ಕಲೆಸುವಾಗಲೆಲ್ಲ "ನನ್ನ ಕಾರು ಹಿಂದಕ್ಕೆ ಹೋಗಲ್ಲ ಕಣ್ರಯ್ಯ" ಎನ್ನತೊಡಗಿದರು. ಎದುರು ಕೂತವರಿಗೆ ಎಲೆಗಿಂತ ಆ ಮಾತೇ ಹೆಚ್ಚು ಸಲ ಬಿದ್ದಿತ್ತು.

ಹೀಗಿರುವಾಗ ಡಾಕ್ಟರು ಯಜಮಾನರಿಗೆ ದಿನಾ ನಡೆಯಲೇಬೇಕೆಂದರು. ಕಾರು ಸುಮ್ಮನೆ ನಿಂತಿತು. ನಿವೃತ್ತ ನರ್ಸೊಬ್ಬರು ಕಿಡ್ನಿ ರೋಗಿಗಳನ್ನು ಮನೆಯಿಂದ ಡಯಾಲಿಸಿಸ್‌ಗೆ ಕರೆದೊಯ್ದು ವಾಪಸ್ಸು ಬಿಡುವ ಸೇವಾ ಸಂಸ್ಥೆ ನಡೆಸುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಸಿಸ್ಟರ್. ಯಜಮಾನರು ಕಾರನ್ನು ಅವರಿಗೆ ದಾನ ಕೊಡುವುದೆಂದು ತೀರ್ಮಾನಿಸಿದರು. "ಜೊತೆಗೆ ಇವನನ್ನೂ ಇಟ್ಕೊಳ್ಳಿ. ಇವನಷ್ಟು ಇದರ ನಾಡಿ ಗೊತ್ತಿರೋನು ಇನ್ನೊಬ್ಬ ಹುಟ್ಟಿಲ್ಲ" ಎಂದರು.

"ಒಂದು ವಾರ ನೋಡ್ತೀನಿ" ಎಂದರು ಸಿಸ್ಟರ್.

ಐವತ್ತೆರಡು ದಾಟಿದ ಮೀಸೆಗೆ ಬೇರೆ ಯಾರೂ ಕೆಲಸ ಕೊಡುವಂತಿರಲಿಲ್ಲ. ಈ ಒಂದು ವಾರ ದಾಟಬೇಕು. ಆಮೇಲೆ ಗೇರು ಈಗ ತಾನೇ ಕೆಟ್ಟಿತೆಂದು ಹೇಳಿದರಾಯಿತು ಎಂದು ಲೆಕ್ಕ ಹಾಕಿಕೊಂಡ.

ಕಾರು ಒಪ್ಪಿಸುವ ದಿನ ಸಂಸ್ಥೆಯ ಅಂಗಳದಲ್ಲಿ ಇಪ್ಪತ್ತು ಕುರ್ಚಿ ಹಾಕಿದ್ದರು. ಯಜಮಾನರ ಭಾಷಣ ಮುಗಿಯುವಷ್ಟರಲ್ಲಿ ಮುಂದಿನ ಸಾಲಿನವರ ಉಗುರು ಒಂದಂಗುಲ ಬೆಳೆದಿತ್ತು. ಕೊನೆಗೆ ಸಿಸ್ಟರ್ ಎದ್ದು, "ಬಿಸಿಲಲ್ಲಿ ಯಾಕೆ, ಗಾಡೀನ ಹಿಂದಕ್ಕೆ ತಗೊಂಡು ಆ ಶೆಡ್ಡಿಗೆ ಹಾಕಪ್ಪ" ಎಂದರು.

ಮೀಸೆಯ ಮೀಸೆ ಬೆವರಿತು. ಸ್ಟೀರಿಂಗ್ ಹಿಡಿದು ಕಲ್ಲಾಗಿ ಕೂತ.

"ಬೇಡ" ಎಂದು ಯಜಮಾನರೇ ಕೈ ಎತ್ತಿದರು. "ಎರಡು ವರ್ಷದಿಂದ ಒಂದು ಹೆಜ್ಜೆ ಹಿಂದಿಟ್ಟ ಗಾಡಿ ಅಲ್ಲ ಇದು. ನನ್ನ ಕಣ್ಣೆದುರಿಗಾದ್ರೂ ಬೇಡ."

ಜನ ಚಪ್ಪಾಳೆ ತಟ್ಟಿದರು. ಯಜಮಾನರು ಮೀಸೆಯ ಬೆನ್ನು ತಟ್ಟಿ, ನಡೆದೇ ಮನೆಗೆ ಹೋದರು. ಮೀಸೆಗೆ ಹೋದ ಜೀವ ಬಂದಂತಾಯಿತು.

ಬಂದ ಜೀವ ಐದು ನಿಮಿಷ ಕೂಡ ನಿಲ್ಲಲಿಲ್ಲ. ಸಿಸ್ಟರ್ ಒಂದು ಚೀಟಿ ಕೊಟ್ಟರು. ಮೊದಲ ಸವಾರಿ ನಡೆಯಲಾಗದ ಒಬ್ಬ ಅಜ್ಜಿಯದು. ಹನ್ನೊಂದಕ್ಕೆ ಆಸ್ಪತ್ರೆಯಲ್ಲಿರಬೇಕು, ತಡವಾದರೆ ಮಷೀನು ಬೇರೆಯವರ ಪಾಲು. ವಿಳಾಸ ನೋಡಿದ ಕೂಡಲೇ ಮೀಸೆಗೆ ಆ ಗಲ್ಲಿ ಕಣ್ಣಿಗೆ ಕಟ್ಟಿತು. ಒಂದು ಮನೆಯವರು ಸೀನಿದರೆ ಎದುರು ಮನೆಯವರು ಮುಖ ಒರೆಸಿಕೊಳ್ಳಬೇಕಾದಂಥ ಗಲ್ಲಿ. ತುದಿಯಲ್ಲಿ ಗೋಡೆ. ಅಜ್ಜಿಯ ಮನೆ ಆ ಗೋಡೆಗೇ ಅಂಟಿಕೊಂಡಿತ್ತು.

ಏನಾದರೊಂದು ನೆಪ ಹೇಳಿ ಗಲ್ಲಿಯ ಬಾಯಲ್ಲೇ ನಿಲ್ಲಿಸಬಹುದಿತ್ತು. ನೆಪಗಳಿಗೆ ಅವನಲ್ಲಿ ಬರಗಾಲವಿರಲಿಲ್ಲ. ಆದರೆ ಯಜಮಾನರನ್ನು ಎರಡು ಫರ್ಲಾಂಗು ನಡೆಸಿದ್ದ, ಅವರಿಗೆ ಕಾಲಿತ್ತು. ದಾರಿಯಲ್ಲಿ ಈ ಅಜ್ಜಿಗೆ ಉಸಿರು ಕಟ್ಟಿ, ಮುಂದೆ ಲಾರಿ ಅಡ್ಡ ನಿಂತು, ಹಿಂದಕ್ಕೆ ತಿರುಗಿಸಬೇಕಾಗಿ ಬಂದರೆ ಯಾರ ಹತ್ತಿರ ಯಾವ ಮಾತು ಹೇಳುವುದು?

"ಸಿಸ್ಟರ್, ಇದಕ್ಕೆ ರಿವರ್ಸ್ ಇಲ್ಲ" ಎಂದ.

"ಯಾವಾಗಿಂದ?"

"ಎರಡು ವರ್ಷ."

ಸಿಸ್ಟರ್ ಕನ್ನಡಕ ತೆಗೆದರು. "ಬ್ರೇಕು?"

"ಬ್ರೇಕು ಒತ್ತಿದ್ರೆ ಗಡಿಯಾರಾನೂ ನಿಲ್ಲತ್ತೆ."

"ಹುಡುಗಾಟ ಬೇಡ. ಇನ್ನೇನೇನು ಮುಚ್ಚಿಟ್ಟಿದೀಯ?"

"ಹಾರನ್ ಸ್ವಲ್ಪ ಗೊಗ್ಗರು. ಅಷ್ಟೇ, ದೇವರಾಣೆ."

"ಗಾಡಿ ಕೊಟ್ಟೋರಿಗೆ ನೀನೇ ಫೋನ್ ಮಾಡಿ ಹೇಳು. ಇಲ್ಲೇ, ನನ್ನೆದುರಿಗೆ."

ಮೀಸೆ ಹೇಳಿದ. ಎರಡು ವರ್ಷದ ಗುಟ್ಟು ಒಂದೇ ಉಸಿರಿನಲ್ಲಿ ಮುಗಿಯಿತು.

"ಕ್ಲಬ್ಬಲ್ಲಿ ಎಷ್ಟು ಸಲ ಹೇಳಿದೀನಿ ಗೊತ್ತೇನೋ?" ಎಂದರು ಯಜಮಾನರು. "ಅಳಿಯನಿಗೆ ಬುದ್ಧಿ ಹೇಳುವಾಗ್ಲೂ ಅದನ್ನೇ ಹೇಳಿದೀನಿ."

"ತಪ್ಪಾಯ್ತು ಯಜಮಾನ್ರೆ."

"ಗೇರ್‌ಬಾಕ್ಸು ನಾನೇ ಹಾಕಿಸ್ಕೊಡ್ತೀನಿ. ಕೊಟ್ಟಿದ್ದನ್ನ ಸರಿಯಾಗಿ ಕೊಡ್ಬೇಕು. ಆದ್ರೆ ನೀನು ಮಾತ್ರ ನನ್ನ ಮನೆ ಕಡೆ ಮುಖ ಹಾಕ್ಬೇಡ." ಫೋನಿಟ್ಟರು.

ಹದಿನಾಲ್ಕು ವರ್ಷ ಅನ್ನ ಕೊಟ್ಟ ಮನೆ. ಮೀಸೆ ಫೋನನ್ನು ಜೇಬಿಗೆ ಹಾಕಿಕೊಂಡು, ಕಾರಿನ ಕೀಲಿಯನ್ನು ಸಿಸ್ಟರ್ ಮೇಜಿನ ಮೇಲಿಟ್ಟ.

"ಅದನ್ಯಾಕೆ ಅಲ್ಲಿಟ್ಟೆ?" ಎಂದರು ಸಿಸ್ಟರ್. "ಒಂದು ವಾರ ನೋಡ್ತೀನಿ ಅಂದಿದ್ದೆ. ಈಗ ಒಂದು ತಿಂಗಳು ನೋಡ್ಬೇಕಾಗತ್ತೆ. ಗಾಲಿಕುರ್ಚಿ ಡಿಕ್ಕಿಗೆ ಹಾಕು, ನಾನೂ ಬರ್ತೀನಿ. ಇವತ್ತು ಬೇರೆ ಗಾಡಿ ಇಲ್ಲ."

ಕಾರು ಗಲ್ಲಿಯ ಬಾಯಲ್ಲಿ ನಿಂತಿತು. ಮೀಸೆ ಗಾಲಿಕುರ್ಚಿ ತಳ್ಳಿಕೊಂಡು ಗೋಡೆಯವರೆಗೆ ಹೋಗಿ ಅಜ್ಜಿಯನ್ನು ಕೂರಿಸಿಕೊಂಡು ಬಂದ. ಸಿಸ್ಟರ್ ಅಜ್ಜಿಯ ತೋಳು ಹಿಡಿದು ಮುಂದಿನ ಸೀಟಿಗೆ ಹತ್ತಿಸಿ, ತಾವು ಹಿಂದೆ ಕೂತರು.

ಅಜ್ಜಿ ಸೀಟು ಸವರಿ ನೋಡಿದಳು. ಮುಖ ಮಾತ್ರ ಸಪ್ಪಗೆ.

"ಯಾಕಜ್ಜಿ, ಸುಸ್ತಾ?" ಎಂದ ಮೀಸೆ.

"ಇಷ್ಟು ದೊಡ್ಡ ಕಾರು ತಂದು ಇಲ್ಲಿ ನಿಲ್ಲಿಸಿದ್ಯಲ್ಲಪ್ಪ. ಬಾಗಿಲಿಗೇ ತಂದಿದ್ರೆ ಎದುರು ಮನೆಯೋಳು ನೋಡ್ತಿದ್ಲು."

"ಮುಂದಿನ ತಿಂಗಳು ಬಾಗಿಲಿಗೇ ತರ್ತೀನಿ."

"ಮೊದ್ಲು ಹೊರಡು" ಎಂದರು ಹಿಂದಿನಿಂದ ಸಿಸ್ಟರ್.