ಸಿಟ್ಟು ನುಂಗಿಸುವ ಮಗ್

ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯಲ್ಲಿ ಕೂರುತ್ತಿದ್ದ ಗುಮಾಸ್ತನಿಗೆ ಜೊತೆಯವರು ಇಟ್ಟ ಹೆಸರು ಪಟಾಕಿ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ತಮ್ಮನ ಬಾಯಿ ಅವನ ಕೆಲಸಕ್ಕೇ ಸಂಚಕಾರ ತಂದೀತೆಂದು ಹೆದರಿದ ಅಕ್ಕ ಒಂದು ಕಾಫಿ ಮಗ್ ತಂದುಕೊಟ್ಟಳು. ಅದರ ಒಂದು ಮಗ್ಗುಲಲ್ಲಿ, ಬಳ್ಳಿ ಪಾರಿವಾಳಗಳ ನಡುವೆ, ಸಿಟ್ಟು ನುಂಗಿಕೊಂಡವನೇ ವಿವೇಕಿ ಎಂಬರ್ಥದ ಧರ್ಮಗ್ರಂಥದ ವಾಕ್ಯವಿತ್ತು.

"ಬಾಯಿಗೆ ಬಂದದ್ದು ಅನ್ನೋ ಮುಂಚೆ ಇದನ್ನ ಓದು, ಒಂದು ಗುಟುಕು ಕುಡಿ," ಅಂದಳು.

ಅಕ್ಕನ ಮಾತನ್ನು ಅವನು ಮೀರುವವನಲ್ಲ. ಓದುವುದು ಮರೆತರೂ ಕುಡಿಯುವುದು ಮರೆಯಲಿಲ್ಲ. ದನಿ ನಿಜಕ್ಕೂ ತಗ್ಗಿತು. ಆದರೆ ಕಿಟಕಿಯಾಚೆಯ ಜನ ದಿನೇ ದಿನೇ ಕೆರಳತೊಡಗಿದರು. ತಾನು ಒಳ್ಳೆಯವನಾಗುವ ಹೊತ್ತಿಗೆ ಲೋಕವೇ ಕೆಟ್ಟಿತಲ್ಲ ಎಂದು ಪಟಾಕಿ ನೊಂದುಕೊಂಡ.

ಒಂದು ಬೆಳಿಗ್ಗೆ ಅಜ್ಜಿಯೊಬ್ಬಳು ಖಾಲಿ ಬಕೆಟ್ಟನ್ನು ಕಿಟಕಿಯ ಕಟ್ಟೆಗೆ ಕುಕ್ಕಿದಳು. "ನಿನ್ನೆಯಿಂದ ನಲ್ಲೀಲಿ ಒಂದು ತೊಟ್ಟು ನೀರಿಲ್ಲ!"

ಪಟಾಕಿ ಮಗ್ ಎತ್ತಿ ಗುಟುಕರಿಸಿದ. ಅಜ್ಜಿಯ ಕಣ್ಣು ಕೆಂಪಾಯಿತು.

"ಏನೋ, ನನಗೇ ಬುದ್ಧಿ ಹೇಳ್ತೀಯಾ?"

"ನಾನು ತುಟಿ ಪಿಟಕ್ಕನ್ನಲಿಲ್ಲವಲ್ಲ ಅಜ್ಜಿ!"

"ನೀನ್ಯಾಕೆ ಅಂತೀಯ? ಸಿಟ್ಟು ನುಂಗ್ಕೋ ಅಂತ ಮುಖಕ್ಕೇ ಹಿಡಿದಿದ್ದೀಯಲ್ಲ! ನುಂಗೋಕಾದ್ರೂ ನೀರು ಬೇಡ್ವೇನೋ?"

ಸಾಲಿನಲ್ಲಿದ್ದವರು ಹೋ ಎಂದರು. ಪಟಾಕಿ ಎಡಚ. ಎಡಗೈಯಲ್ಲಿ ಹಿಡಿದಾಗ ವಾಕ್ಯ ಎದುರಿನವರತ್ತ ತಿರುಗುತ್ತಿತ್ತು. ಉರಿಯುತ್ತ ಬಂದವರಿಗೆಲ್ಲ ಅವನು ಗುಟುಕಿಗೊಮ್ಮೆ ಉಪದೇಶ ಮಾಡುತ್ತ ಬಂದಿದ್ದ. ಕಿವಿಯವರೆಗೂ ಕೆಂಪಾಗಿ, ಗಡಬಡಿಸಿ ಮಗ್ಗನ್ನು ಬಲಗೈಗೆ ಬದಲಿಸಿದ. ಕಾಫಿಯೆಲ್ಲ ಅಂಗಿಯ ಮೇಲೆ ಸುರಿಯಿತು. ಅಜ್ಜಿ ಕಿಸಕ್ಕನೆ ನಕ್ಕಳು. ತಡೆಯಲಾಗದೆ ಅವನೂ ನಕ್ಕ.

ಊಟದ ಹೊತ್ತಿನಲ್ಲಿ ತಾನೇ ಅಜ್ಜಿಯ ಮನೆಗೆ ಹೋಗಿ ನೋಡಿದರೆ, ಮೀಟರಿನ ಪಕ್ಕದ ವಾಲ್ವ್ ಬಿಗಿಯಾಗಿ ಮುಚ್ಚಿತ್ತು. ಒಳಗಿಂದ ಅಜ್ಜ ಇಣುಕಿದ.

"ಬಚ್ಚಲ ನಲ್ಲಿ ಸೋರ್ತಿತ್ತು, ಅದಕ್ಕೆ ನಾನೇ ತಿರುಗಿಸಿದ್ದೆ. ಹೇಳೋಕೆ ಮರೆತೇಬಿಟ್ಟೆ ಕಣೇ."

ಅಜ್ಜಿ ಶುರುಮಾಡಿದ ರಭಸಕ್ಕೆ ಅಕ್ಕಪಕ್ಕದ ಕಿಟಕಿಗಳು ತೆರೆದುಕೊಂಡವು. ಪಟಾಕಿ ನಡುವೆ ಬಂದ. "ಹೋಗ್ಲಿ ಬಿಡಿ ಅಜ್ಜಿ, ಅವರಿಗೆ ವಯಸ್ಸಾಗಿದೆ."

"ನನಗೇನು ಎಳೇ ಪ್ರಾಯಾನಾ?"

ಪಟಾಕಿ ಅಂಗಿಯ ತೋಳು ಮಡಚಿ, ಸೋರುವ ನಲ್ಲಿ ಬಿಚ್ಚಲು ಬಚ್ಚಲಿಗೆ ನುಗ್ಗಿದ. ಅಜ್ಜನೂ ಹಿಂದೆಯೇ ಬಂದು ಮೆಲ್ಲಗೆ ಬಾಗಿಲು ಮುಂದೆ ಮಾಡಿ, ಸ್ಪ್ಯಾನರ್ ಕೊಡುವ ನೆಪದಲ್ಲಿ ಅಲ್ಲೇ ಕುಕ್ಕರಿಸಿದ.

"ನಿಧಾನಕ್ಕೆ ಮಾಡಪ್ಪಾ," ಅಂದ. "ಅವಸರ ಏನಿಲ್ಲ."