ಭಟ್ಟರ ದಣಪೆಯ ಮುಂದೆ ರೈಟ್

ಹೇರಂಬ ಭಟ್ಟರ ಮನೆಯ ಬೇಲಿಯ ಬಿದಿರು ಬಾಗಿಲು, ಆ ದಣಪೆಯ ಮುಂದೆ ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕಂಬಳಿ ಹಾಸಿ ಮಲಗಿಸಿದ್ದ ರಂಗಮ್ಮ ಹಲ್ಲು ಕಚ್ಚಿ ನರಳುತ್ತಿದ್ದಳು. ಹಿಂದಿನ ಸಂಜೆಯಿಂದ ಹೆರಿಗೆ ನೋವು. ಸೂಲಗಿತ್ತಿ ಕೈಚೆಲ್ಲಿದ ಮೇಲೆ ತಾಯಿ ದುಗ್ಗಮ್ಮ ಅವಳನ್ನು ನಿಟ್ಟೂರಿನಲ್ಲಿ ಬಸ್ಸು ಹತ್ತಿಸಿದ್ದಳು. ಬೇಗ ಹೊಸನಗರದ ಆಸ್ಪತ್ರೆ ಮುಟ್ಟಬೇಕು. ಅರವತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಬೆಳಗಿನ ಹೊತ್ತು ಆ ದಾರಿಗೆ ಇದ್ದದ್ದು ಇದೊಂದೇ ಗಾಡಿ.

ಕಂಡಕ್ಟರ್ ಕನ್ನಪ್ಪನಿಗೆ ಬರುತ್ತಿದ್ದ ಇಂಗ್ಲಿಷ್ ಒಂದೇ ಮಾತು, ರೈಟ್. ಅದೊಂದರಲ್ಲೇ ಅವನು ಸಂಸಾರ ತೂಗಿಸಿದ್ದ. ಗಾಡಿ ಹೊರಡುವುದಕ್ಕೆ ಅದೇ, ಹೆಂಡತಿ ಗುತ್ಯಮ್ಮ ಸಾರಿನ ಉಪ್ಪು ಕೇಳಿದರೂ ಅದೇ. ಜ್ವರ ಬಿಟ್ಟರೆ ಮೈ ರೈಟ್ ಆಯಿತು. ಬೇಡದ ನೆಂಟರನ್ನು ಸಾಗಹಾಕಲು ಸ್ವಲ್ಪ ಉದ್ದನೆಯ ರೈಟ್ ಒಂದಿತ್ತು. ಊರಿನ ಮುದುಕನೊಬ್ಬ ತೀರಿಕೊಂಡಾಗ ಟೋಪಿ ತೆಗೆದು, ಅಜ್ಜ ರೈಟ್ ಅಂದುಬಿಟ್ಟಿದ್ದ. ಅಳುತ್ತಿದ್ದವರೂ ಹೌದೆಂದು ತಲೆಯಾಡಿಸಿದ್ದರು.

ಇವತ್ತು ಮಾತ್ರ ಅದು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಭಟ್ಟರು ಬಸ್ಸಿನ ಮಾಲೀಕರ ಭಾವ. ಅವರು ಪೇಟೆಗೆ ಹೊರಡುವ ದಿನ ದಣಪೆಯ ಬಿದಿರಿಗೆ ಕೆಂಪು ವಸ್ತ್ರ ಕಟ್ಟಿಸುತ್ತಿದ್ದರು; ಇವತ್ತೂ ಕಟ್ಟಿತ್ತು. ಅದು ಕಂಡರೆ ಅವರ ಪೂಜೆ ಮುಗಿದು, ದೋಸೆ ಮುಗಿದು, ಎಲೆಯಡಿಕೆಯ ಕವಳ ಬಾಯಿಗೆ ಬೀಳುವವರೆಗೆ ಬಸ್ಸು ಕಾಯಬೇಕು. ಹಿಂದಿನ ಕಂಡಕ್ಟರ್ ಒಮ್ಮೆ ಕಾಯದೆ ಹೋಗಿ ಮಾರನೆಯ ದಿನವೇ ಟಿಕೆಟ್ ಚೀಲ ಒಪ್ಪಿಸಿ ಮನೆಗೆ ನಡೆದಿದ್ದ. ಕನ್ನಪ್ಪನಿಗೆ ಗದ್ದೆಯಿಲ್ಲ, ಆ ಚೀಲವೇ ಗದ್ದೆ.

ಹಾರ್ನ್ ಹೊಡೆದಾಯಿತು. ಕನ್ನಪ್ಪ ಓಡಿಹೋಗಿ, ಬಸ್ಸಿನಲ್ಲಿ ಹೆರಿಗೆ ನೋವಿನವಳಿದ್ದಾಳೆಂದು ಕರೆದೂ ಬಂದ. ಭಟ್ಟರು ಪೂಜೆಗೆ ಕೂತಿದ್ದಾರೆ, ನಡುವೆ ಏಳುವುದಿಲ್ಲ ಎಂದು ಆಳು ಅಂಗಳದಲ್ಲೇ ತಡೆದ.

ದುಗ್ಗಮ್ಮ ಬೈಯಲಿಲ್ಲ, ಅಳಲೂ ಇಲ್ಲ. "ನನ್ ಮಗಳ ಕೈಕಾಲು ತಣ್ಣಗಾಗ್ತಿದಾವೆ, ಅಪ್ಪಯ್ಯಾ" ಎಂದಳು.

ಡ್ರೈವರ್ ಜಯಪ್ಪ ಹಿಂದೆ ತಿರುಗಿದ. "ನೀ ಹೇಳಿದ್ರೆ ಗಾಡಿ ಎತ್ತೀನಿ. ಹೇಳ್ದೆ ಇದ್ರೆ ಇಲ್ಲ."

ಕನ್ನಪ್ಪ ಕಣ್ಣು ಮುಚ್ಚಿಕೊಂಡು, "ರೈಟ್" ಎಂದ. ಅಷ್ಟು ಸಣ್ಣ ದನಿಯಲ್ಲಿ ಎಂದೂ ಹೇಳಿರಲಿಲ್ಲ. ಆದರೂ ಗಾಡಿ ಹೊರಟಿತು. ನಡುವೆ ಇಳಿಯಬೇಕಾದವರು ಯಾರೂ ನಿಲ್ಲಿಸಿ ಅನ್ನಲಿಲ್ಲ. ಆಸ್ಪತ್ರೆಯ ಬಾಗಿಲಲ್ಲೇ ಇಳಿದು, ಬಂದ ದಾರಿಯಲ್ಲೇ ವಾಪಸು ನಡೆದರು.

ತಾಯಿ, ಮಗು ಇಬ್ಬರೂ ಉಳಿದರು. ಇನ್ನು ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದನ್ನು ಕೇಳಿ ಕನ್ನಪ್ಪನಿಗೆ ಸಂತೋಷಕ್ಕಿಂತ ಮೊದಲು ದಣಪೆಯ ಮುಂದೆ ಕಾದು ನಿಂತ ಹೊತ್ತು ನೆನಪಾಯಿತು. ಸಂಜೆ ಮನೆಗೆ ಬಂದವನೇ ಚೀಲವನ್ನು ಒರೆಸಿ ಒಪ್ಪಿಸಲು ಸಿದ್ಧಮಾಡಿಟ್ಟ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎಂದು ಗುತ್ಯಮ್ಮ ಸಮಾಧಾನ ಹೇಳಿದಳು.

ಮಾರನೆಯ ಬೆಳಿಗ್ಗೆ ದಣಪೆಯ ಮೇಲೆ ವಸ್ತ್ರವಿರಲಿಲ್ಲ. ಭಟ್ಟರೇ ಬಂದು ರಸ್ತೆಯಂಚಿನಲ್ಲಿ ನಿಂತಿದ್ದರು. ಕನ್ನಪ್ಪ ಕೆಳಗಿಳಿದು, ಬೈಗುಳಕ್ಕೆ ತಲೆ ತಗ್ಗಿಸಿ ನಿಂತ.

"ನಿನ್ನೆ ನನ್ನ ಸಲುವಾಗಿ ಎಷ್ಟೊತ್ತು ನಿಂತಿದ್ರಿ ಮಾರಾಯ?" ಭಟ್ಟರ ದನಿ ಒಡೆದಿತ್ತು. "ಆಳು ಆ ಹೆಣ್ಣಿನ ವಿಷಯ ಹೇಳಿದ ಮೇಲಿಂದ ನಂಗೆ ಅನ್ನ ಸೇರ್ಲಿಲ್ಲ."

ಕನ್ನಪ್ಪ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದ ಉತ್ತರ ಬೇರೆಯೇ ಇತ್ತು. ಅವರ ಮುಖ ನೋಡಿದ ಮೇಲೆ ಅದು ಬೇಡವಾಯಿತು.

"ನಿಮಗೋಸ್ಕರ ಅಲ್ಲ ಭಟ್ರೇ. ಇಂಜಿನ್ನಿಗೆ ಹೆಂಗೂ ನೀರು ಹಾಕ್ಬೇಕಿತ್ತು, ಅದಕ್ಕೇ ನಿಂತಿದ್ದು."

ಒಳಗಿನಿಂದ ಜಯಪ್ಪನೂ ಹೌದೌದೆಂದ. ಭಟ್ಟರು ನಂಬಿದರೋ ಇಲ್ಲವೋ, ಒಂದು ತಂಬಿಗೆಯನ್ನು ಕನ್ನಪ್ಪನ ಕೈಗಿಟ್ಟರು. ಬಾಳೆಲೆಯಲ್ಲಿ ಬಾಯಿ ಕಟ್ಟಿತ್ತು. ಹೆಂಡತಿ ಮಹಾಲಕ್ಷ್ಮೀ ಈಗಷ್ಟೇ ಕಾಸಿದ ತುಪ್ಪ, ಬಾಣಂತಿಗೆ ಕೊಡು ಎಂದರು. ಇನ್ನು ಯಾವತ್ತೂ ತನಗಾಗಿ ಕಾಯಬೇಡಿ ಎಂದೂ ಹೇಳಿ, ಬಸ್ಸು ಹತ್ತದೆ ಮನೆಯ ಕಡೆ ತಿರುಗಿದರು. ಕನ್ನಪ್ಪನಿಗೆ ಕಣ್ಣು ತುಂಬಿಬಂತು. ಈ ಮನುಷ್ಯನ ಋಣ ದೊಡ್ಡದು ಅನ್ನಿಸಿತು.

ತಂಬಿಗೆಯನ್ನು ಸೀಟಿನ ಕೆಳಗಿಡಲು ಅವನಿಗೆ ಮನಸ್ಸಾಗಲಿಲ್ಲ. ಎದೆಗೆ ಒತ್ತಿ ಹಿಡಿದುಕೊಂಡೇ ಟಿಕೆಟ್ ಹರಿಯತೊಡಗಿದ. ಅದಿನ್ನೂ ಬೆಚ್ಚಗಿತ್ತು. ತಿರುವು ಬಂದಾಗಲೆಲ್ಲ ಅಕ್ಕಪಕ್ಕದವರು ತಾವೇ ಕೈಚಾಚಿ, ಅವನು ವಾಲದಂತೆ ಹಿಡಿದುಕೊಂಡರು.